ಎಷ್ಟು ಜಗ್ಗತೈತಿ?

ಜೋರಾಪುರ ಪೇಟೆಗೆ ಯಾವ ಹೊಸ ಗಾಡಿ ಬಂದು ನಿಂತರೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಎಷ್ಟಕ್ಕ ಬಿತ್ತು? ಆವರೇಜ್ ಎಷ್ಟು ಕೊಡತೈತಿ? ಎಷ್ಟು ಜಗ್ಗತೈತಿ? ಮೊದಲಿನ ಎರಡು ನಾಡಿನ ಎಲ್ಲ ಊರಲ್ಲೂ ಕೇಳುವಂಥವು. ಮೂರನೆಯದು ಖಾಸ್ ವಿಜಾಪುರದ್ದು. ಊರಿನ ಹೆಸರು 2014ರ ನವೆಂಬರ್ 1ರಂದು ವಿಜಯಪುರವಾಗಿದೆ, ಪ್ರಶ್ನೆ ಮಾತ್ರ ವಿಜಾಪುರದ್ದಾಗಿಯೇ ಉಳಿದಿದೆ. ಹೊಸ ಸ್ಕೂಟಿಗೆ ನಿಂಬೆಹಣ್ಣು ಕಟ್ಟಿ ಪೂಜೆ ಮಾಡಿಸಿಕೊಂಡು ಬರುತ್ತಿದ್ದ ಕನ್ನಡ ಸಾಲಿ ಅಕ್ಕೋರನ್ನೂ ನಮ್ಮ ಚಹಾದಂಗಡಿಯ ಕಾಕಾ ಬಿಟ್ಟಿರಲಿಲ್ಲ. ಅವರು "ನಾನು ಮತ್ತ ನನ್ನ ಟಿಫಿನ್ ಡಬ್ಬಿ, ಇಷ್ಟ ಜಗ್ಗಿದ್ರ ಸಾಕ್ರಿ ಕಾಕಾ" ಎಂದು ನಕ್ಕು ಪಾರಾದರು.

ಎಲ್ಲರೂ ಹಾಗೆ ಪಾರಾಗುವುದಿಲ್ಲ. ನಮ್ಮ ಮಾಮಾನದು ತಿಕೋಟಾ ಕಡೆ ದ್ರಾಕ್ಷಿ ಪಡ, ಬಬಲೇಶ್ವರ ಕಡೆ ಒಂದಿಷ್ಟು ಕಬ್ಬು. ಆತ ಗಾಡಿ ತಗೊಳ್ಳಬೇಕೆಂದು ಮನಸ್ಸು ಮಾಡಿ, ಸಲಹೆಗೆಂದು ಪೇಟೆಗೆ ಬಂದ. ಸಲಹೆ ಕೇಳದೆಯೇ ಸಿಗುವ ಊರಿಗೆ ಸಲಹೆ ಕೇಳಲು ಬರುವುದೆಂದರೆ ಏನಾಗಬೇಕೋ ಅದೇ ಆಯಿತು. ಅಡತಿ ಅಂಗಡಿಯ ಸಾವಕಾರರು, ಪಂಕ್ಚರ್ ತೆಗೆಯುವ ಹುಡುಗ, ನಿವೃತ್ತ ಕಂಡಕ್ಟರ್, ಜೀವಮಾನದಲ್ಲಿ ಸೈಕಲ್ ಬಿಟ್ಟು ಬೇರೇನೂ ಹೊಡೆಯದ ಅಯ್ಯನವರು, ಎಲ್ಲರೂ ಚಹಾದಂಗಡಿಯ ಕಟ್ಟೆಗೆ ಬಂದು ಕೂತರು.

ಮಾಮಾನ ಬೇಡಿಕೆ ಸಣ್ಣದೇನೂ ಅಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪಡದಿಂದ ಶೆಡ್ಡಿಗೆ ದ್ರಾಕ್ಷಿಯ ಕ್ರೇಟುಗಳು ಸಾಗಬೇಕು. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಮಣೂಕಾ ಆದ ಮೇಲೆ ಅದನ್ನು ವಿಜಯಪುರದ ಎಪಿಎಂಸಿಗೋ, ದರ ಚಲೋ ಇದೆಯೆಂಬ ಸುದ್ದಿ ಬಂದರೆ ಮಹಾರಾಷ್ಟ್ರದ ತಾಸಗಾಂವಕ್ಕೋ ಮುಟ್ಟಿಸಬೇಕು. ಹಂಗಾಮಿನಲ್ಲಿ ಕಬ್ಬು ಫ್ಯಾಕ್ಟರಿಗೆ ಹೋಗಬೇಕು. ಬೋರ್‌ವೆಲ್ ಕೈಕೊಟ್ಟ ವರ್ಷ ಬಳ್ಳಿ ಉಳಿಸಿಕೊಳ್ಳಲು ನೀರಿನ ಟ್ಯಾಂಕರ್ ಎಳೆಯಬೇಕು. ಕಾಲುವೆ ನೀರು ಬರುವ ಮುಂಚಿನ ಬೇಸಿಗೆಗಳಲ್ಲಿ ತಿಕೋಟಾ ಭಾಗದ ರೈತರು ಟ್ಯಾಂಕರ್ ನೀರು ಕೊಂಡು ಪಡ ಕಾಯ್ದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಇಷ್ಟೆಲ್ಲ ಆದ ಮೇಲೆ ಸಂಕ್ರಮಣಕ್ಕೆ ಮಂದಿಯನ್ನೆಲ್ಲ ಸಿದ್ಧೇಶ್ವರ ಜಾತ್ರೆಗೂ ಕರೆತರಬೇಕು. "ಒಂದ ಗಾಡಿ ಇರಬೇಕು, ಎಲ್ಲಾ ಮಾಡಬೇಕು" ಎಂದ ಮಾಮಾ. ಅಯ್ಯನವರು "ಅಂಥಾದ್ದು ಬೇಕಂದ್ರ ಗಾಡಿ ಅಲ್ಲ, ಅಳಿಯನ್ನ ನೋಡಪಾ" ಎಂದರು.

ಸಾವಕಾರರದು ಪಿಕಪ್ ಪಕ್ಷ. ಅವರ ಮಾತಿಗೂ ಆಧಾರವಿದೆ. 2005ರಲ್ಲಿ ಟಾಟಾ ಏಸ್ ಬಂದು ಮಂದಿಯ ಬಾಯಲ್ಲಿ ಛೋಟಾ ಹಾಥಿ ಆದ ಮೇಲೆ ನಮ್ಮ ಪೇಟೆಯ ಸಾಗಾಟದ ಚಹರೆಯೇ ಬದಲಾಯಿತು. ಟಾಂಗಾ ಮತ್ತು ತಳ್ಳುಗಾಡಿ ಮಾತ್ರ ತೂರುತ್ತಿದ್ದ ಓಣಿಯೊಳಗೆ ಆನೆ ಹೊಕ್ಕಿತು. ಅದರ ಜೊತೆಗೆ ಒಂದೂವರೆ ಟನ್ ಹೇರಿದರೂ ಬಗ್ಗದ ಬೊಲೆರೊ ಪಿಕಪ್ ಬಂತು. ರಾತ್ರಿ ಮಾಲು ಹೇರಿದರೆ ಬೆಳಗಿನ ಸವಾಲಿಗೆ ತಾಸಗಾಂವದಲ್ಲಿ. ಓಡಿಸಲು ಹಗುರ, ನಿಲ್ಲಿಸಲು ಜಾಗ ಸಾಕು, ಬೇಕಾದರೆ ಮದುವೆ ದಿಬ್ಬಣಕ್ಕೂ ಆಗುತ್ತದೆ. "ಪಿಕಪ್ ತಗೋರಿ, ಹಿಂದ ಒಂದು ಹುಕ್ಕು ಬಡಸ್ರಿ, ಕಬ್ಬಿನ ಡಬ್ಬಿನೂ ಜಗ್ಗತೈತಿ" ಎಂದು ಸಾವಕಾರರು ತೀರ್ಪು ಕೊಟ್ಟುಬಿಟ್ಟರು. ಡಬ್ಬಿ ಎಂದರೆ ನಮ್ಮ ಕಡೆ ಟ್ರೇಲರ್.

ಈ ಹುಕ್ಕಿನ ಮಾತಿಗೆ ಬಲ ಬಂದದ್ದು ಟೆಕ್ಸಾಸ್‌ನಿಂದ. ಮಾಮಾನ ಹಿರಿಯ ಮಗ ಅಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅಲ್ಲಿಯ ಪಿಕಪ್ಪೊಂದು ದೊಡ್ಡದೊಂದು ದೋಣಿಯನ್ನು ಹಿಂದೆ ಕಟ್ಟಿಕೊಂಡು ಹೆದ್ದಾರಿಯಲ್ಲಿ ಸಾಗುವ ವಿಡಿಯೊ ಕಳಿಸಿದ್ದ. ಕಟ್ಟೆಯ ಮೇಲೆ ಮೊಬೈಲು ಕೈಯಿಂದ ಕೈಗೆ ಹೋಯಿತು. ಕೆರೆಯೇ ಬತ್ತುವ ನಾಡಿನವರು ದೋಣಿ ನೋಡಿ ಹುಬ್ಬೇರಿಸಿದರು. ಫೋರ್ಡ್ ಎಫ್-150ರಂಥ ಗಾಡಿಗಳು ಸರಿಯಾದ ಇಂಜಿನ್, ಸರಿಯಾದ ಸಲಕರಣೆ ಇದ್ದರೆ ಐದು ಟನ್ನಿಗೂ ಹೆಚ್ಚು ಎಳೆಯುತ್ತವೆಂಬುದು ನಿಜ. ಆದರೆ ಹುಡುಗ ವಿಡಿಯೊದ ಕೆಳಗೆ ಬರೆದಿದ್ದ ನಾಲ್ಕು ಸಾಲನ್ನು ಕಟ್ಟೆಯವರು ಓದಲಿಲ್ಲ. ಗಾಡಿ ಹೊರುವ ತೂಕ ಬೇರೆ, ಎಳೆಯುವ ತೂಕ ಬೇರೆ. ಎರಡನ್ನೂ ಕಂಪನಿಯೇ ಲೆಕ್ಕ ಹಾಕಿ ಹೇಳಿರುತ್ತದೆ. ಟ್ರೇಲರ್ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕೊಂಡಿಯ ಮೇಲೆ ಕೂರಬೇಕು, ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಹೆಚ್ಚಾದರೆ ಗಾಡಿಯ ಮೂತಿ ಏಳುತ್ತದೆ. ಅಲ್ಲಿಯ ಬಹುತೇಕ ರಾಜ್ಯಗಳಲ್ಲಿ ಗೊತ್ತುಪಡಿಸಿದ ತೂಕ ದಾಟಿದ ಟ್ರೇಲರ್‌ಗೆ ತನ್ನದೇ ಬ್ರೇಕು ಇರಲೇಬೇಕು. ಆ ಕೊನೆಯ ಸಾಲು ನಮ್ಮೂರಿನ ಮಟ್ಟಿಗೆ ದೋಣಿಗಿಂತ ಅಪರೂಪದ್ದು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಿವೃತ್ತ ಕಂಡಕ್ಟರರದು ಟ್ರ್ಯಾಕ್ಟರ್ ಪಕ್ಷ. ಅವರಿಗೆ ಎಚ್‌ಪಿ ಎಂದರೆ ಪಂಚಪ್ರಾಣ. ಐವತ್ತು ಎಚ್‌ಪಿಗಿಂತ ಕೆಳಗೆ ಮಾತೇ ಆಡಬಾರದು ಎಂದರು. ಆಗ ಪಂಕ್ಚರ್ ಹುಡುಗ ಒಂದು ಬಾಂಬು ಹಾಕಿದ. ಅಕ್ಕೋರ ಯಜಮಾನರ ಆಲ್ಟೊ 800 ಕಾರಿಗೂ 47 ಎಚ್‌ಪಿ ಇದೆ, ಹೊಲದಲ್ಲಿ ನಿಂತ ಮಹೀಂದ್ರ 575 ಟ್ರ್ಯಾಕ್ಟರಿಗೂ ಸುಮಾರು ಅಷ್ಟೇ ಇದೆ, ಹಾಗಾದರೆ ಆಲ್ಟೊಗೆ ಯಾಕೆ ಡಬ್ಬಿ ಕಟ್ಟಬಾರದು ಎಂದ. ಕಟ್ಟೆ ಒಂದು ಕ್ಷಣ ಮೌನವಾಯಿತು. ಅಷ್ಟು ಸೊಗಸಾದ ಮೌನ ನಮ್ಮ ಪೇಟೆಯಲ್ಲಿ ಕರೆಂಟು ಹೋದಾಗಲೂ ಇರುವುದಿಲ್ಲ.

ಉತ್ತರ ಆ ಹುಡುಗನಿಗೇ ಗೊತ್ತಿತ್ತು. ಎಚ್‌ಪಿ ಅಂದರೆ ಬಲ ಮತ್ತು ವೇಗ ಎರಡರ ಗುಣಾಕಾರ. ಆಲ್ಟೊ ತನ್ನ 47 ಎಚ್‌ಪಿ ಕೊಡಬೇಕಾದರೆ ಇಂಜಿನ್ ನಿಮಿಷಕ್ಕೆ ಆರು ಸಾವಿರ ಸುತ್ತು ಕಿರುಚಬೇಕು. ಟ್ರ್ಯಾಕ್ಟರು ಎರಡು ಸಾವಿರದ ಆಸುಪಾಸಿನಲ್ಲೇ ಅದನ್ನು ಕೊಡುತ್ತದೆ. ಸುತ್ತು ಮೂರು ಪಟ್ಟು ಕಡಿಮೆ, ಹಾಗಾಗಿ ಪ್ರತಿ ಸುತ್ತಿನ ತಿರುಚುಬಲ ಮೂರು ಪಟ್ಟು ಹೆಚ್ಚು. ಅದರ ಮೇಲೆ ಗೇರುಗಳು ವೇಗವನ್ನು ಇನ್ನಷ್ಟು ತಗ್ಗಿಸಿ ಬಲವನ್ನು ಇನ್ನಷ್ಟು ಏರಿಸುತ್ತವೆ. ಜೊತೆಗೆ ಟ್ರ್ಯಾಕ್ಟರಿನ ಸ್ವಂತ ತೂಕವೇ ಎರಡು ಟನ್ ಹತ್ತಿರ, ಅದರ ಬಹುಪಾಲು ಹಿಂದಿನ ಎರಡು ದೊಡ್ಡ ಗಾಲಿಗಳ ಮೇಲೆ. ನೆಲವನ್ನು ಒತ್ತಿ ಹಿಡಿಯದ ಗಾಲಿ ಎಷ್ಟು ಬಲ ಇದ್ದರೂ ಎರಿ ಮಣ್ಣಿನಲ್ಲಿ ತಿರುಗುತ್ತದೆ, ಹೋಗುವುದಿಲ್ಲ. ಅದಕ್ಕೇ ನಮ್ಮವರು ಹಿಂದಿನ ಟಾಯರಿಗೆ ಗಾಳಿಯ ಬದಲು ಮುಕ್ಕಾಲು ಪಾಲು ನೀರು ತುಂಬಿಸುವುದು. ಕುಡಿಯಲು ನೀರಿಲ್ಲದ ಬೇಸಿಗೆಯಲ್ಲೂ ಟ್ರ್ಯಾಕ್ಟರಿನ ಟಾಯರಿನೊಳಗೆ ನೀರಿರುತ್ತದೆ ಎಂಬುದು ಈ ಸೀಮೆಯ ಗುಟ್ಟುಗಳಲ್ಲೊಂದು.

ಎಳೆಯುವ ವಿಷಯದಲ್ಲಿ ನಮ್ಮೂರಿನವರಿಗೆ ಇಷ್ಟು ಹುಚ್ಚು ಯಾಕೆ ಎಂದು ಹೊರಗಿನವರು ಕೇಳಬಹುದು. ಪಶ್ಚಿಮದ ಕೋಟೆಗೋಡೆಯ ಶೇರ್ಜಾ ಬುರುಜಿನ ಮೇಲೆ ಹೋಗಿ ನೋಡಿದರೆ ತಿಳಿಯುತ್ತದೆ. ಅಲ್ಲಿ ಮಲಿಕ್-ಎ-ಮೈದಾನ್ ತೋಪು ಮಲಗಿದೆ. ಆನೆಯನ್ನು ಅಗಿಯುವ ಸಿಂಹದ ಬಾಯಿ, ಹದಿನಾಲ್ಕು ಅಡಿ ಉದ್ದ, ಸುಮಾರು 55 ಟನ್ ತೂಕ. ಅದನ್ನು ಎರಕ ಹೊಯ್ದದ್ದು ಇಲ್ಲಿ ಅಲ್ಲ, 1549ರಲ್ಲಿ ಅಹಮದನಗರದಲ್ಲಿ, ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ಕಸುಬುಗಾರ. 1632ರಲ್ಲಿ ಆದಿಲಶಾಹಿ ಸರದಾರ ಮುರಾರಿ ಪಂಡಿತ ಅದನ್ನು ಪರಾಂಡಾ ಕೋಟೆಯಿಂದ ವಿಜಾಪುರಕ್ಕೆ ತಂದ. ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಸೇರಿ ಎಳೆದು ತಂದರಂತೆ. ಜೊತೆಗೆ ಹೊರಟಿದ್ದ ಇನ್ನೊಂದು ತೋಪು ದಾರಿಯಲ್ಲಿ ಹೊಳೆಯ ಪಾಲಾಯಿತೆಂದೂ ಹೇಳುತ್ತಾರೆ.

ಕಂಡಕ್ಟರರು ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಕೃಷಿ ಪುಸ್ತಕಗಳಲ್ಲಿ ಒಂದು ಜೋಡಿ ಎತ್ತಿಗೆ ಹೆಚ್ಚುಕಡಿಮೆ ಒಂದು ಎಚ್‌ಪಿ ಹಿಡಿಯುತ್ತಾರೆ. ನಾನೂರು ಎತ್ತೆಂದರೆ ಇನ್ನೂರು ಎಚ್‌ಪಿ. ಐವತ್ತು ಎಚ್‌ಪಿಯ ನಾಲ್ಕು ಟ್ರ್ಯಾಕ್ಟರ್! ಆನೆಗಳ ಲೆಕ್ಕ ಬೇರೆ. "ಮುರಾರಿ ಪಂಡಿತ ಇವತ್ತ ಇದ್ದಿದ್ರ ನಾಕ ಟ್ರ್ಯಾಕ್ಟರ್‌ದಾಗ ಕೆಲಸ ಮುಗೀತಿತ್ತು" ಎಂದು ಅವರು ಹೆಮ್ಮೆಪಟ್ಟರು. "ಛೋಟಾ ಹಾಥಿ ಹತ್ತು ತರಿಸಿದ್ರ?" ಎಂದು ಸಾವಕಾರರು ತಮ್ಮ ಪಕ್ಷ ಬಿಡಲಿಲ್ಲ. ಇಷ್ಟು ಕಷ್ಟಪಟ್ಟು ತಂದ ತೋಪನ್ನು 1854ರಲ್ಲಿ ಗುಜರಿಗೆ ಹರಾಜು ಕೂಗಿದಾಗ ಬಂದ ಬೇಡಿಕೆ ನೂರೈವತ್ತು ರೂಪಾಯಿ. ಅಷ್ಟು ಕಡಿಮೆಗೆ ಕೊಡಲು ಮನಸ್ಸು ಬಾರದೆ ಬ್ರಿಟಿಷ್ ಅಧಿಕಾರಿಗಳು ಉಳಿಸಿಕೊಂಡರು. ಸೆಕೆಂಡ್ ಹ್ಯಾಂಡ್ ಮಾಲಿಗೆ ವಿಜಾಪುರದ ಪೇಟೆ ದರ ಕಟ್ಟುವ ರೀತಿ ಅಂದಿನಿಂದಲೂ ಬದಲಾಗಿಲ್ಲ.

ಮಲಿಕ್-ಎ-ಮೈದಾನ್ ನೋಡಿದಾಗಲೆಲ್ಲ ನನಗೆ ಬೇರೊಂದು ಯೋಚನೆ. ನಾನೂರು ಎತ್ತು ಎಳೆದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಿದವರ ಕಥೆಯನ್ನು ಯಾರೂ ಹೇಳುವುದಿಲ್ಲ. ಪರಾಂಡಾದಿಂದ ಇಲ್ಲಿಯವರೆಗೆ ದಾರಿ ಬರೀ ಏರಲ್ಲ; ಹಳ್ಳದ ದಂಡೆ ಇಳಿಯಬೇಕು, ಭೀಮಾ ನದಿ ದಾಟಬೇಕು. 55 ಟನ್ ಇಳಿಜಾರಿಗೆ ಬಂದಾಗ ಮುಂದಿನ ಎತ್ತಿಗೆ ಕೆಲಸವಿಲ್ಲ, ಇರುವುದು ಜೀವಭಯ ಮಾತ್ರ. ಆಗ ಹಗ್ಗ ಹಿಂದೆ ಕಟ್ಟಿ, ಮಂದಿ ಹಿಂದಕ್ಕೆ ಜಗ್ಗಿ, ಗಾಲಿಗೆ ಕಲ್ಲು ಕೊಟ್ಟು ಇಂಚಿಂಚು ಬಿಡಬೇಕು. ಇತಿಹಾಸ ಮುಂದೆ ಎಳೆದವರನ್ನು ಎಣಿಸಿತು, ಹಿಂದೆ ಹಿಡಿದವರನ್ನು ಎಣಿಸಲಿಲ್ಲ.

ಈ ಪಕ್ಷಪಾತ ನಮ್ಮ ಜಾತ್ರೆಗಳಲ್ಲೂ ಇದೆ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಖಿಲಾರಿ ಎತ್ತು ಆರಿಸುವವರನ್ನು ನೋಡಬೇಕು. ತುಟಿ ಬಿಡಿಸಿ ಹಲ್ಲು ಎಣಿಸುತ್ತಾರೆ: ಹಾಲಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದೆಯೋ. ಸುಳಿ ನೋಡುತ್ತಾರೆ, ಗೊರಸು ತಟ್ಟುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ದರ ಮಾತ್ರ ಟವೆಲಿನ ಮರೆಯಲ್ಲಿ, ಬೆರಳು ಹಿಡಿದು. ಊರೂರಿನ ಜಾತ್ರೆಗಳಲ್ಲಿ ಗಾಲಿ ತಿರುಗದಂತೆ ಕಟ್ಟಿ, ಭಾರ ಹೇರಿದ ಬಂಡಿಯನ್ನು ಎಳೆಸುವ ತೆರಬಂಡಿ ಸ್ಪರ್ಧೆ. ಟ್ರ್ಯಾಕ್ಟರ್ ಬಂದ ಮೇಲೆ ಡಬ್ಬಿ ಸಮೇತ ಹಿಂದಕ್ಕೆ ಓಡಿಸುವ ರಿವರ್ಸ್ ಸ್ಪರ್ಧೆ. ಗೆದ್ದವನಿಗೆ ಗುಲಾಲು, ಹಾರ, ಮೆರವಣಿಗೆ. ತುಂಬಿದ ಡಬ್ಬಿಯನ್ನು ಗೆರೆಯ ಮೇಲೆ ಸರಿಯಾಗಿ ನಿಲ್ಲಿಸುವ ಸ್ಪರ್ಧೆಯನ್ನು ಯಾವ ಜಾತ್ರಾ ಕಮಿಟಿಯೂ ಇಟ್ಟದ್ದು ನಾನು ಕಂಡಿಲ್ಲ.

ಮಾಮಾ ಷೋರೂಮಿಗೆ ಹೋದಾಗಲೂ ದನದ ಸಂತೆಯ ಶಾಸ್ತ್ರವನ್ನೇ ಪಾಲಿಸಿದ. ಟೈ ಕಟ್ಟಿದ ಹುಡುಗ ಬಣ್ಣದ ಕಾಗದ ತೋರಿಸುತ್ತ ಪವರ್ ಸ್ಟಿಯರಿಂಗ್, ಆಯಿಲ್ ಬ್ರೇಕ್, ಹೈಡ್ರಾಲಿಕ್ ಎಂದು ವರದಿ ಒಪ್ಪಿಸುತ್ತಿದ್ದರೆ, ಈತ ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಟಾಯರಿಗೆ ಒದ್ದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಹಿಂದೆ ಹೋಗಿ ಕೊಂಡಿಯ ಪಿನ್ನು ಎತ್ತಿ ತೂಗಿ ನೋಡಿದ. ನಾಲ್ಕು ಹೆಜ್ಜೆ ನಡೆಸಿ ತೋರಿಸು ಎಂದ. ಹಲ್ಲು ನೋಡಲಿಲ್ಲ ಎಂಬುದೊಂದೇ ಸಮಾಧಾನ. ಕೊನೆಗೆ, ತಪ್ಪದೆ, ಆ ಪ್ರಶ್ನೆ: "ಎಷ್ಟು ಜಗ್ಗತೈತಿ?" ಹುಡುಗ ಪಾಪ, "ನೀವು ಎಷ್ಟು ಕಟ್ಟತೀರಿ ಅಷ್ಟು ಜಗ್ಗತೈತ್ರಿ" ಎಂದುಬಿಟ್ಟ. ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ರಸ್ತೆಗೆ ಅದಕ್ಕಿಂತ ಕೆಟ್ಟ ಉತ್ತರವೂ ಇಲ್ಲ.

ನಾವು ಎಷ್ಟು ಕಟ್ಟುತ್ತೇವೆ ಎಂಬುದನ್ನು ನೋಡಬೇಕಾದರೆ ಹಂಗಾಮಿನಲ್ಲಿ ಬಬಲೇಶ್ವರದ ರಸ್ತೆಗೆ ಬನ್ನಿ. ಕೃಷ್ಣಾ ನಗರದ ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೆ, ಹೊಳೆಯಾಚೆ ಬಾಗಲಕೋಟೆ ಜಿಲ್ಲೆಯ ಕಾರ್ಖಾನೆಗಳ ಕಡೆಗೆ ಟ್ರ್ಯಾಕ್ಟರುಗಳು ಸಾಲು ಹಿಡಿದು ಹೊರಟಿರುತ್ತವೆ. ಒಂದು ಇಂಜಿನ್, ಹಿಂದೆ ಎರಡು ಡಬ್ಬಿ. ಡಬ್ಬಿಯ ಆಚೆ ಈಚೆ ಚಾಚಿದ ಕಬ್ಬು. ಎರಡೂ ಸೇರಿ ಇಪ್ಪತ್ತು ಟನ್ ದಾಟಿದರೆ ಯಾರೂ ಅಚ್ಚರಿಪಡುವುದಿಲ್ಲ. ಮಲಿಕ್-ಎ-ಮೈದಾನ್ ತೂಕ ಇಂಥ ಎರಡು ಮೂರು ಖೇಪಿಗೆ ಸಮ. ಏರಿನಲ್ಲಿ ಇಂಜಿನ್ನಿನ ಮುಂದಿನ ಗಾಲಿಗಳು ನೆಲ ಬಿಟ್ಟು ಏಳುತ್ತವೆ. ಅವು ಎದ್ದರೆ ಸ್ಟಿಯರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಅದಕ್ಕೆ ಮುಂದೆ ಕಬ್ಬಿಣದ ತೂಕ, ಅದೂ ಸಾಲದಿದ್ದರೆ ಬಂಪರಿನ ಮೇಲೆ ಕಲ್ಲು, ಕಲ್ಲೂ ಸಿಗದಿದ್ದರೆ ಇಬ್ಬರು ಹುಡುಗರು. ಇಂಜಿನ್ನಿನ ಸದ್ದು ಕೇಳದಷ್ಟು ಜೋರು ಹಾಡು ಬೇರೆ. ಡ್ರೈವರನಿಗೆ ನಿದ್ದೆ ಬರಬಾರದೆಂದು ಹಚ್ಚಿದ ಟೇಪು ಸುತ್ತಲಿನ ಐದು ಹಳ್ಳಿಗೆ ನಿದ್ದೆ ಬರದಂತೆ ನೋಡಿಕೊಳ್ಳುತ್ತದೆ.

ಕಟ್ಟೆಯ ಚರ್ಚೆ ಮುಗಿದದ್ದು ಇಂಥದೇ ಒಂದು ಟ್ರ್ಯಾಕ್ಟರಿನ ಡ್ರೈವರ್ ಚಹಾಕ್ಕೆ ಬಂದು ಕೂತಾಗ. ನೀರಿನ ಟ್ಯಾಂಕರ್ ಎಳೆದು, ಕಬ್ಬು ಎಳೆದು ಪಳಗಿದ ಮನುಷ್ಯ. ಸಾವಕಾರರು, ಕಂಡಕ್ಟರರು ಇಬ್ಬರ ವಾದವನ್ನೂ ಬಸಿಯಲ್ಲಿ ಚಹಾ ಸುರಿದುಕೊಳ್ಳುತ್ತಲೇ ಕೇಳಿದ.

"ಜಗ್ಗೂದು ಏನ ದೊಡ್ಡದ್ರಿ" ಎಂದ. "ಜಗ್ಗಲಿಲ್ಲಂದ್ರ ಗಾಡಿ ಅಲ್ಲೇ ನಿಂದ್ರತೈತಿ, ಯಾರಿಗೂ ತ್ರಾಸಿಲ್ಲ. ನಿಂದ್ರಲಿಲ್ಲಂದ್ರ ಏನ ಮಾಡ್ತೀರಿ?"

ಯಾರೂ ಮಾತಾಡಲಿಲ್ಲ. ಆತನೇ ಮುಂದುವರಿಸಿದ. ಇಂಜಿನ್ನಿಗೆ ಬ್ರೇಕು ಇದೆ, ಇಲ್ಲಿಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ ಡಬ್ಬಿಗೆ ಬ್ರೇಕು ಇರುವುದು ಅಪರೂಪ. ಎರಡು ಟನ್ನಿನ ಇಂಜಿನ್ ತನ್ನ ಬ್ರೇಕಿನಿಂದ ಹಿಂದಿನ ಇಪ್ಪತ್ತು ಟನ್ನನ್ನೂ ಹಿಡಿಯಬೇಕು. ಇಳಿಜಾರಿನಲ್ಲಿ ಗೇರು ತಪ್ಪಿಸಿ ಡೀಸೆಲ್ ಉಳಿಸಲು ಹೋದವನಿಗೆ ಡಬ್ಬಿಯೇ ಡ್ರೈವರ್ ಆಗುತ್ತದೆ. ಇಂಜಿನ್ನನ್ನು ಹಿಂದಿನಿಂದ ದೂಡಿ, ಕೊಂಡಿಯ ಹತ್ತಿರ ಮಡಚಿ, ಅಡ್ಡ ಹಾಕುತ್ತದೆ. ನೀರಿನ ಟ್ಯಾಂಕರ್ ಕಬ್ಬಿಗಿಂತ ಮಳ್ಳ. ಐದು ಸಾವಿರ ಲೀಟರ್ ಅಂದರೆ ಐದು ಟನ್, ಅದೂ ಪೂರ್ತಿ ತುಂಬಿದ್ದರೆ ಪರವಾಗಿಲ್ಲ. "ಅರ್ಧ ತುಂಬಿದ ಟ್ಯಾಂಕರ್ ಹಾಯೋ ಹೋರಿ ಇದ್ದಂಗ್ರಿ. ನೀವು ಬ್ರೇಕ್ ಹೊಡದು ನಿಂತ ಮ್ಯಾಲ ಒಳಗಿನ ನೀರು ಬಂದು ಹಿಂದಿಂದ ಹಾಯತೈತಿ." ಏರಿನಲ್ಲಿ ನಿಂತರೆ ಗಾಲಿಗೆ ಕಲ್ಲು ಕೊಡಲು ಜೊತೆಗೊಬ್ಬ ಬೇಕೇ ಬೇಕು ಎಂದ. ಚಹಾ ಮುಗಿಸಿ, ಬಸಿ ಬೋರಲು ಹಾಕಿ ಎದ್ದ.

ಸಾವಕಾರರ ಹುಕ್ಕಿನ ಯೋಜನೆ ಅಲ್ಲಿಗೆ ಬಿದ್ದುಹೋಯಿತು. ನಮ್ಮಲ್ಲಿಯ ಪಿಕಪ್‌ಗಳ ಚಾಸಿ ಹೊರುವುದಕ್ಕೆಂದು ಮಾಡಿದ್ದು, ಅವುಗಳ ಬ್ರೇಕಿನ ಲೆಕ್ಕ ಬೆನ್ನಿನ ಮೇಲಿನ ಭಾರಕ್ಕೆ. ಬೆನ್ನ ಹಿಂದೆ ಡಬ್ಬಿ ಕಟ್ಟಿದರೆ ಆ ಲೆಕ್ಕವೇ ತಪ್ಪುತ್ತದೆ. ಡಬ್ಬಿ ಎಂದರೆ ಕಾಯ್ದೆಯ ಪ್ರಕಾರ ಅದೂ ಒಂದು ವಾಹನ, ಅದಕ್ಕೂ ಸ್ವಂತ ನೋಂದಣಿ, ಸ್ವಂತ ನಂಬರು ಬೇಕು ಎಂಬುದನ್ನು ಕಂಡಕ್ಟರರು ಸೇರಿಸಿದರು. ಟಿಕೆಟ್ ಹರಿದ ಕೈ, ನಿಯಮ ಮರೆಯುವುದಿಲ್ಲ.

ಮಾಮಾ ಕೊನೆಗೆ ಐವತ್ತು ಎಚ್‌ಪಿ ವರ್ಗದ ಟ್ರ್ಯಾಕ್ಟರನ್ನೇ ತಂದ, ಆಯಿಲ್ ಬ್ರೇಕಿನದು. ಮಣೂಕಾ ಸಾಗಿಸಲು ವರ್ಷಕ್ಕೆ ಕೆಲವು ದಿನ ಪಿಕಪ್ ಬಾಡಿಗೆಗೆ ಹಿಡಿಯುತ್ತಾನೆ. ಕೆಲವು ದಿನದ ಕೆಲಸಕ್ಕೆ ಜೀವಮಾನದ ಸಾಲ ಯಾಕೆ ಎಂಬುದು ಮಾಮಿಯ ವಾದ, ಅದು ಕಟ್ಟೆಯ ಅಷ್ಟೂ ವಾದಗಳಿಗಿಂತ ಗಟ್ಟಿಯಾಗಿತ್ತು. ಡಬ್ಬಿ ಮಾಡಿಸುವಾಗ ವೆಲ್ಡಿಂಗ್ ಶಾಪಿನವನಿಗೆ ಬ್ರೇಕು ಕೂಡಿಸು ಎಂದು ಹೇಳಿದ್ದಕ್ಕೆ ಆತ ಮಾಮಾನನ್ನು ಮೇಲಿಂದ ಕೆಳಗೆ ನೋಡಿ, "ಜಗ್ಗೂದಿಲ್ಲೇನ್ರಿ ಇಂಜಿನ್ನು?" ಎಂದನಂತೆ. ಎಲ್ಲ ಕೆಲಸ ಮಾಡುವ ಒಂದೇ ಗಾಡಿ ಇಲ್ಲ. ಹೆಚ್ಚು ದಿನ ಮಾಡುವ ಕೆಲಸಕ್ಕೆ ತಕ್ಕ ಗಾಡಿ ತಗೊಂಡು, ಉಳಿದದ್ದಕ್ಕೆ ಬಾಡಿಗೆ ಕೊಡುವುದೇ ಶಾಣ್ಯಾತನ. ಇದು ಈ ವಿಷಯದಲ್ಲಿ ಪೇಟೆಯ ಅಂತಿಮ ತೀರ್ಪು, ಮುಂದಿನ ಗಿರಾಕಿ ಬರುವ ತನಕ.

ಓದುಗರಲ್ಲಿ ಟ್ರ್ಯಾಕ್ಟರ್ ಇದ್ದವರಿಗೆ ನನ್ನದೊಂದು ವಿನಂತಿ. ಎಷ್ಟು ಜಗ್ಗತೈತಿ ಎಂದು ಧಾರಾಳ ಕೇಳಿ, ಎಷ್ಟರಲ್ಲಿ ನಿಂದ್ರತೈತಿ ಎಂದೂ ಕೇಳಿ. ಹಂಗಾಮು ಶುರುವಾಗುವ ಮುಂಚೆ ಹಿಂದಿನ ಡಬ್ಬಿಯ ಬೆನ್ನಿಗೆ ಕೆಂಪು ರೇಡಿಯಂ ಪಟ್ಟಿ ಅಂಟಿಸಿ, ಅದು ಕಬ್ಬಿನಡಿ ಮುಚ್ಚಿಹೋಗದಂತೆ ಹೇರಿ. ರಾತ್ರಿ ಆ ರಸ್ತೆಯಲ್ಲಿ ಬೈಕಿನ ಮೇಲೆ ಬರುವವನಿಗೆ ನಿಮ್ಮ ಇಂಜಿನ್ನಿನ ಎಚ್‌ಪಿ ಕಾಣುವುದಿಲ್ಲ, ಆ ಪಟ್ಟಿ ಮಾತ್ರ ಕಾಣುತ್ತದೆ. ಮತ್ತೆ, ಗಾಡಿ ಕೆಟ್ಟು ನಿಂತಾಗ ಗಾಲಿಗೆ ಕಲ್ಲು ಕೊಡುತ್ತೀರಲ್ಲ, ಹೊರಡುವಾಗ ಆ ಕಲ್ಲನ್ನು ಅಲ್ಲೇ ಬಿಡಬೇಡಿ. ಎತ್ತಿ ರಸ್ತೆಯ ಆಚೆ ಹಾಕಿ ಹೋಗಿ.